ತಿರುಗಿ ಬಂದವರಿಗೊಂದು ಮಣೆ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರಷ್ಟೆ. ಮಾತು ಸರಿಯಾದುದೇ. ಆದರೆ ಸುತ್ತಿ ಬಂದವರನ್ನೂ ಓದಿ ಬಂದವರನ್ನೂ ಮನೆಯಲ್ಲಿ ಉಳಿದವರು ಹೇಗೆ ಬರಮಾಡಿಕೊಳ್ಳಬೇಕೆಂಬುದನ್ನು ಆ ಗಾದೆಯು ಹೇಳುವುದಿಲ್ಲ. ಹೊರಡುವವರಿಗೆ ಬುತ್ತಿ ಕಟ್ಟುವುದರಲ್ಲಿ ನಮ್ಮ ಗೃಹಿಣಿಯರಷ್ಟು ಜಾಣೆಯರು ಬೇರೆಲ್ಲಿಯೂ ಸಿಕ್ಕಲಾರರು. ತಿರುಗಿ ಬಂದವರಿಗೆ ಮಣೆ ಹಾಕುವುದರಲ್ಲಿ ಮಾತ್ರ ನಾವೆಲ್ಲರೂ, ಅದರಲ್ಲಿಯೂ ಗಂಡಸರಾದ ನಾವು, ತಪ್ಪುತ್ತ ಬಂದಿದ್ದೇವೆ. ಈ ತಪ್ಪನ್ನು ಪರರಲ್ಲಿ ಕಂಡು ಬರೆಯುತ್ತಿರುವೆವೆಂದು ವಾಚಕರು ಭಾವಿಸಬಾರದು. ಇದು ನಮ್ಮ ಮನೆಯಲ್ಲಿಯೇ, ನಮ್ಮಿಂದಲೇ ನಡೆದುದು.

ನಮ್ಮದು ಹೊಸದುರ್ಗ ತಾಲ್ಲೂಕಿನ ಮಾಡದಕೆರೆ. ತೆಂಗಿನ ತೋಟ, ರಾಗಿ ಸಾವೆಗಳ ಹೊಲ, ಮಳೆ ಬಂದರೆ ನಗು, ಬಾರದಿದ್ದರೆ ಸಾಲ: ಇದು ನಮ್ಮ ಸೀಮೆಯ ಸಂಸಾರ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಉಪಾಧ್ಯಾಯ ವೃತ್ತಿಯಲ್ಲಿದ್ದು, ಈಗ ವಿಶ್ರಾಂತಿ ಪಡೆದು ಪಿತ್ರಾರ್ಜಿತವಾದ ಸ್ವಲ್ಪ ತೋಟವನ್ನು ನೋಡಿಕೊಂಡಿದ್ದೇವೆ. ನಮ್ಮ ತಮ್ಮನ ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ನೀರಿನ ವಿಷಯದಲ್ಲಿಯೇ ಕೆಲಸ ಹಿಡಿದವಳು. ಕೆಲವು ವರ್ಷಗಳ ಹಿಂದೆ ಅವಳಿಗೆ ಒಂದು ಫೆಲೋಷಿಪ್ಪು ದೊರೆತು, ನೆದರ್ಲೆಂಡ್ಸ್ ದೇಶದ ಡೆಲ್ಫ್ಟ್ ಎಂಬ ಊರಿಗೆ ಹೋಗುವ ಸಂದರ್ಭ ಬಂದಿತು. ಸಮುದ್ರಕ್ಕಿಂತ ತಗ್ಗಿನಲ್ಲಿರುವ ನೆಲವನ್ನು ಕಟ್ಟೆ ಕಾಲುವೆಗಳಿಂದ ಕಾಪಾಡಿಕೊಂಡು ಬಂದಿರುವ ಆ ದೇಶದವರು ನೀರಿನ ವಿದ್ಯೆಯಲ್ಲಿ ಗಟ್ಟಿಗರು. 1957ರಲ್ಲಿ ಅಲ್ಲಿ ಆರಂಭವಾದ ಜಲವಿದ್ಯಾ ಸಂಸ್ಥೆಗೆ ನಾನಾ ದೇಶಗಳ ತರುಣರು ಬಂದು ಕಲಿಯುತ್ತಾರೆ.

ಹುಡುಗಿಯನ್ನು ಕಳಿಸುವಾಗ ಮನೆಯಲ್ಲಿ ಚರ್ಚೆ ನಡೆಯದಿರಲಿಲ್ಲ. ಮದುವೆಯ ವಯಸ್ಸೆಂದು ಒಬ್ಬರು, ಅಲ್ಲಿಯ ಚಳಿಯೆಂದು ಇನ್ನೊಬ್ಬರು. ಕಡೆಗೆ ನಾವೇ ದೊಡ್ಡ ಮನಸ್ಸು ಮಾಡಿ, “ಹೋಗಿ ಬರಲಿ” ಎಂದೆವು. ನಮ್ಮ ಮನೆಯವರು ಕೋಡುಬಳೆ, ಹುರಿಟ್ಟು, ಕೊಬ್ಬರಿ ಚಟ್ನಿಪುಡಿಗಳನ್ನು ಕಟ್ಟಿಕೊಟ್ಟರು. ಊರಿಗೆ ಊರೇ ಸಂತೋಷಪಟ್ಟಿತು. ಕಳಿಸಿದ ಕೀರ್ತಿಯನ್ನು ನಾವು ಸಂಕೋಚವಿಲ್ಲದೆ ಅನುಭವಿಸಿದೆವೆಂಬುದನ್ನೂ ಒಪ್ಪಿಕೊಳ್ಳಬೇಕು.

ಅಲ್ಲಿಂದ ಅವಳು ಬರೆದ ಕಾಗದಗಳು ಫೋನಿನಲ್ಲಿ ಬರುತ್ತಿದ್ದವು. ಹತ್ತಿಪ್ಪತ್ತು ಸಾಲಿನ ಆ ಕಾಗದಗಳನ್ನು ನಾವು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿ ಮನೆಯವರಿಗೆ ಕೇಳಿಸುತ್ತಿದ್ದೆವು. ಒಂದರಲ್ಲಿ ತನ್ನ ಕೊಠಡಿಯ ಜೊತೆಗಾತಿಯ ಸಂಗತಿಯನ್ನು ಬರೆದಿದ್ದಳು. ಆಕೆ ಯೆಹೂದ್ಯಳು, ಅಮೆರಿಕ ದೇಶದವಳು, ಇವಳಂತೆಯೇ ಇಂಜಿನಿಯರು. ಡೆಲ್ಫ್ಟಿಗೆ ಬರುವ ಮೊದಲು ತನ್ನ ಜನಾಂಗದವರು ನಡೆಸುವ ಒಂದು ಫೆಲೋಷಿಪ್ಪಿನ ಮೇಲೆ ಪರದೇಶದಲ್ಲಿ ಒಂದು ವರ್ಷ ಇದ್ದು ಬಂದವಳಂತೆ. ವೈದ್ಯರು, ವಕೀಲರು, ಲೆಕ್ಕಪತ್ರ ಬಲ್ಲವರು, ಉಪಾಧ್ಯಾಯರು ಮೊದಲಾಗಿ ಆಗತಾನೆ ವೃತ್ತಿಯಲ್ಲಿ ಕಾಲೂರಿದ ತರುಣ ತರುಣಿಯರನ್ನು ಆರಿಸಿ, ಬೇರೆ ಬೇರೆ ದೇಶಗಳಲ್ಲಿರುವ ತಮ್ಮವರ ನಡುವೆ ಕೆಲಸ ಮಾಡಲು ಕಳಿಸುತ್ತಾರೆ. ಅವರು ಮುದುಕರ ಮನೆಗಳಿಗೆ ಊಟ ಔಷಧಿಗಳನ್ನು ಮುಟ್ಟಿಸುವುದನ್ನು ಕಲಿಯುತ್ತಾರೆ, ಮಕ್ಕಳಿಗೆ ಪಾಠ ಹೇಳುತ್ತಾರೆ, ಸಂಸ್ಥೆಯ ಲೆಕ್ಕ ಬರೆಯುತ್ತಾರೆ, ಹಿರಿಯರು ಸಭೆ ನಡೆಸುವ ಕ್ರಮವನ್ನು ನೋಡುತ್ತಾರೆ. ಮುಂದೆ ಸಮಾಜದ ಹೊಣೆ ಹೊರಬೇಕಾದವರು ಮೊದಲು ಅದರ ಕಷ್ಟವನ್ನು ಕಂಡಿರಬೇಕೆಂಬುದು ಅದರ ಉದ್ದೇಶ. ನಮ್ಮ ಹುಡುಗಿಗೆ ಸೋಜಿಗವೆನಿಸಿದುದು ಇದಲ್ಲ. “ದೊಡ್ಡಪ್ಪ, ಇವಳು ಊರಿಗೆ ಮರಳಿದ ಮೇಲೆ ಅಲ್ಲಿಯ ಸಂಘದ ಹಿರಿಯರು ಇವಳನ್ನು ಕರೆದು ತಮ್ಮ ಸಮಿತಿಯಲ್ಲಿ ಕೂರಿಸಿಕೊಂಡರಂತೆ. ಇವಳು ಹೇಳಿದ್ದನ್ನೆಲ್ಲ ಒಪ್ಪಲಿಲ್ಲವಂತೆ. ಆದರೆ ಪ್ರತಿಯೊಂದನ್ನೂ ಕೇಳಿ ಬರೆದುಕೊಂಡರಂತೆ” ಎಂದು ಬರೆದಿದ್ದಳು.

ನಮಗೆ ಕುತೂಹಲವುಂಟಾಗಿ ಈ ವಿಷಯವನ್ನು ಸ್ವಲ್ಪ ಓದಿ ತಿಳಿದೆವು. ಲೋಕದಲ್ಲಿರುವ ಯೆಹೂದ್ಯರನ್ನೆಲ್ಲ ಕೂಡಿಸಿದರೂ ಒಂದೂವರೆ ಕೋಟಿಯ ಆಸುಪಾಸು. ನಮ್ಮ ಕರ್ನಾಟಕವೊಂದರಲ್ಲಿಯೇ 2011ರ ಜನಗಣತಿಯಂತೆ ಆರು ಕೋಟಿಗೆ ಮೀರಿದ ಜನ. ಆ ಸ್ವಲ್ಪ ಜನವೂ ಅನೇಕ ದೇಶಗಳಲ್ಲಿ ಚೆದುರಿರುವುದರಿಂದ, ದೂರದವರ ಸಂಕಟವನ್ನು ತಿಳಿಯುವ ಏರ್ಪಾಡು ಅವರಿಗೆ ಪ್ರಾಣಧಾರಣೆಯ ಪ್ರಶ್ನೆಯಾಯಿತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ, ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಹೆನ್ರಿ ಮಾರ್ಗೆಂಥೊ ಎಂಬವರು ನ್ಯೂಯಾರ್ಕಿನ ಯೆಹೂದ್ಯ ಮುಖಂಡರಿಗೆ ತಂತಿ ಕಳಿಸಿ, ಪ್ಯಾಲೆಸ್ತೀನಿನಲ್ಲಿ ಅನ್ನವಿಲ್ಲದೆ ಕಂಗೆಟ್ಟ ಯೆಹೂದ್ಯರಿಗಾಗಿ 50,000 ಡಾಲರುಗಳನ್ನು ಬೇಡಿದರು. ಆ ಹಣ ಕೂಡಿತು. ಅದೇ ವರ್ಷ ‘ಜಾಯಿಂಟ್ ಡಿಸ್ಟ್ರಿಬ್ಯೂಷನ್ ಕಮಿಟಿ’ ಎಂಬ ಸಂಸ್ಥೆಯೂ ಹುಟ್ಟಿತು. ಮುಂದೆ ಅದು ಅನೇಕ ದೇಶಗಳಲ್ಲಿ ಕೆಲಸ ಮಾಡಿತು. ಮುಂಬಯಿ ಕಡೆಯ ಬೆನೆ ಇಸ್ರೇಲ್ ಎಂಬ ಯೆಹೂದ್ಯರ ನಡುವೆಯೂ ಅದರ ಕೆಲಸ ನಡೆದಿದೆ. ಆ ಸಂಸ್ಥೆಯನ್ನು ಬಹುಕಾಲ ನಡೆಸಿ, ನೂರು ವರ್ಷ ಬಾಳಿ, 2014ರಲ್ಲಿ ತೀರಿಕೊಂಡ ರಾಲ್ಫ್ ಗೋಲ್ಡ್‌ಮನ್ ಎಂಬವರ ಹೆಸರಿನಲ್ಲಿ ಒಂದು ಫೆಲೋಷಿಪ್ಪು ಸ್ಥಾಪಿತವಾಯಿತು. ಆರಿಸಿ ಬಂದ ತರುಣರು ಪರದೇಶಗಳಲ್ಲಿ ಆ ಸಂಸ್ಥೆಯ ಕೆಲಸದಲ್ಲಿ ಕೂಡಿಕೊಂಡು ಕಲಿಯುವುದು ಅದರ ಕ್ರಮ. ಹಸಿದವರಿಗೆ ಕಳಿಸಿದ ಹಣದಿಂದ ಆರಂಭವಾದ ಕೆಲಸವು ಮುಂದಿನವರನ್ನು ತಯಾರು ಮಾಡುವ ಕೆಲಸಕ್ಕೆ ಬಂದು ಮುಟ್ಟಿದುದು ಸಹಜವಾಗಿಯೇ ಇದೆ. ಅನ್ನವನ್ನು ಈ ವರ್ಷಕ್ಕೆ ಕಳಿಸಬಹುದು, ಬಡಿಸುವ ಕೈಯನ್ನು ಮಾತ್ರ ಬೆಳಸಿಯೇ ಪಡೆಯಬೇಕು.

ಇಂಥದು ನಮ್ಮಲ್ಲಿಯೂ ಇಲ್ಲವೆ ಎಂದು ವಾಚಕರು ಕೇಳಬಹುದು. ಇಲ್ಲದೆ ಏನು? ನಮ್ಮ ತಂದೆಯವರು ಚಿತ್ರದುರ್ಗದ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ ಮುದ್ದೆ ಉಂಡು ಹೈಸ್ಕೂಲು ಓದಿದವರು. ತಾವು ಬದುಕಿರುವ ತನಕ ಪ್ರತಿ ಸುಗ್ಗಿಯಲ್ಲಿಯೂ ಒಂದು ಚೀಲ ರಾಗಿಯನ್ನು ಆ ನಿಲಯಕ್ಕೆ ಕಳಿಸಿದರು. ಅದನ್ನು ಅವರು ದಾನವೆಂದು ಕರೆಯಲಿಲ್ಲ, ‘ಬಾಕಿ’ ಎನ್ನುತ್ತಿದ್ದರು. ಸಿರಿಗೆರೆಯ ಮಠವೇ ಮೊದಲಾಗಿ ನಮ್ಮ ಜಿಲ್ಲೆಯ ಮಠಗಳು ತೆರೆದ ಶಾಲೆಗಳೂ ನಿಲಯಗಳೂ ಇಲ್ಲದಿದ್ದರೆ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮೊದಲನೆಯ ಪದವೀಧರನು ಹುಟ್ಟುತ್ತಿರಲಿಲ್ಲ.

ಉತ್ತರ ಕರ್ನಾಟಕದ ಕಥೆ ಇನ್ನೂ ಹಳೆಯದು. ಸವದತ್ತಿ ತಾಲ್ಲೂಕಿನ ಶಿರಸಂಗಿಯ ದೇಸಾಯಿ ಲಿಂಗರಾಜರು 1861ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡರು. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಮಕ್ಕಳಿಲ್ಲದ ಅವರು ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರ ಬರೆದಿಟ್ಟರು. ಬೆಳಗಾವಿಯಲ್ಲಿ 1933ರಲ್ಲಿ ಆರಂಭವಾದ ಕಾಲೇಜಿಗೆ ಲಿಂಗರಾಜರ ಹೆಸರಿಟ್ಟಿದ್ದಾರೆ. ಅದನ್ನು ಆರಂಭಿಸಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಹುಟ್ಟಿದುದು 1916ರ ನವೆಂಬರು 13ರಂದು. ಹುಟ್ಟಿಸಿದವರು ಏಳು ಮಂದಿ ತರುಣ ಉಪಾಧ್ಯಾಯರು. ಜನರು ಅವರನ್ನು ಇಂದಿಗೂ ‘ಸಪ್ತರ್ಷಿಗಳು’ ಎಂದು ಕರೆಯುತ್ತಾರೆ. ವಚನ ಸಾಹಿತ್ಯವನ್ನು ಸಂಪಾದಿಸಿ ಹೆಸರಾದ ಶಿ. ಶಿ. ಬಸವನಾಳರೂ ಪಂಡಿತರಾದ ಎಂ. ಆರ್. ಸಾಖರೆಯವರೂ ಅವರಲ್ಲಿ ಸೇರಿದವರು. ಪದವಿ ಪಡೆದವರು ವಿರಳವಾಗಿದ್ದ ಆ ಕಾಲದಲ್ಲಿ ಸರಕಾರದ ನೌಕರಿಯು ಇಂಥವರ ಬಾಗಿಲಿಗೇ ಬರುತ್ತಿತ್ತು. ಅದನ್ನು ಬಿಟ್ಟು ಇವರು ಒಂದು ಚಿಕ್ಕ ಶಾಲೆಗೆ ತಮ್ಮ ಆಯುಸ್ಸನ್ನು ಕೊಟ್ಟರು.

ಈ ಏಳು ಮಂದಿಯ ತ್ಯಾಗವನ್ನು ಎಲ್ಲರೂ ಹೊಗಳುತ್ತಾರೆ. ನಮಗೆ ಈಚೆಗೆ ಹೊಳೆದುದು ಬೇರೊಂದು. ಆ ಶಾಲೆಗೆ ಅವರು ತಮ್ಮ ಹೆಸರಿಟ್ಟುಕೊಳ್ಳಲಿಲ್ಲ. ತಮಗಿಂತ ಮೊದಲು ಸಮಾಜದ ವಿದ್ಯೆಗಾಗಿ ಹಣ ಕೂಡಿಸಿ ದುಡಿದ ಧಾರವಾಡದ ಹಿರಿಯರಾದ ಗಿಲಗಂಚಿ ಗುರುಸಿದ್ಧಪ್ಪನವರ ಮತ್ತು ಅರಟಾಳ ರುದ್ರಗೌಡರ ಹೆಸರಿನಿಂದ ಅದು ಗಿಲಗಂಚಿ ಅರಟಾಳ ಶಾಲೆಯೆನಿಸಿತು. ಹೆಸರು ಹಿರಿಯರದು, ಕೆಲಸ ಕಿರಿಯರದು. ಹಿರಿಯರು ತಾವು ಹಿಡಿದ ಕೆಲಸವನ್ನು ಬಿಡಲೊಲ್ಲದೆ ಕುಳಿತಿದ್ದರೆ, ಕಿರಿಯರು ಹಿರಿಯರನ್ನು ಲೆಕ್ಕಿಸದೆ ಹೊರಟಿದ್ದರೆ, ಆ ಸಂಸ್ಥೆ ಇಷ್ಟು ಬೆಳೆಯುತ್ತಿರಲಿಲ್ಲವೆಂದು ನಮ್ಮ ನಂಬಿಕೆ.

ಇನ್ನೊಂದು ದೃಷ್ಟಾಂತವು ನಮ್ಮ ಹಳೆಯ ಮೈಸೂರು ಸಂಸ್ಥಾನದ್ದು, ಅದೂ ಯೆಹೂದ್ಯರಿಗೇ ಸಂಬಂಧಿಸಿದ್ದು. 1933ರಲ್ಲಿ ಜರ್ಮನಿಯಲ್ಲಿ ಹಿಟ್ಲರನ ಅಧಿಕಾರ ಬಂದೊಡನೆ ಯೆಹೂದ್ಯ ಕುಲದ ವಿದ್ವಾಂಸರೂ ವೃತ್ತಿವಂತರೂ ಕೆಲಸ ಕಳೆದುಕೊಂಡು ದೇಶಾಂತರ ಹೊರಟರು. ಅವರಲ್ಲಿ ಮಾಕ್ಸ್ ಬಾರ್ನ್ ಎಂಬ ಭೌತವಿಜ್ಞಾನಿಯೊಬ್ಬರು. ಬೆಂಗಳೂರಿನ ವಿಜ್ಞಾನ ಮಂದಿರದ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ನರು ಅವರನ್ನು ಆಹ್ವಾನಿಸಿ 1935ರಲ್ಲಿ ಕರೆಸಿಕೊಂಡರು. ಬಾರ್ನರು ಆರು ತಿಂಗಳ ಮಟ್ಟಿಗೆ ಅಲ್ಲಿ ಪಾಠ ಹೇಳಿದರು. ಅವರನ್ನು ಖಾಯಂ ಪ್ರಾಧ್ಯಾಪಕರನ್ನಾಗಿ ನಿಲ್ಲಿಸಿಕೊಳ್ಳಬೇಕೆಂಬ ರಾಮನ್ನರ ಪ್ರಯತ್ನಕ್ಕೆ ಸಂಸ್ಥೆಯೊಳಗೇ ವಿರೋಧ ಬಂದು, ಅದು ಕೈಗೂಡಲಿಲ್ಲ. 1936ರಲ್ಲಿ ಅವರು ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ಹೋದರು. 1954ರಲ್ಲಿ ನೊಬೆಲ್ ಬಹುಮಾನ ಬಂದಿತು. ಮನೆಗೆ ಬಂದವರನ್ನು ಜಗಲಿಯಿಂದಲೇ ಕಳಿಸಿದಂತಾಯಿತು.

ಅದೇ ಬಾರ್ನರ ಬಂಧುವೂ ಮೂವತ್ತರ ವಯಸ್ಸಿನವರೂ ಆದ ಆಟೊ ಕೋನಿಗ್ಸ್‌ಬರ್ಗರ್ ಎಂಬ ವಾಸ್ತುಶಿಲ್ಪಿ ಬರ್ಲಿನ್ನಿನಲ್ಲಿ ಕೆಲಸ ಕಳೆದುಕೊಂಡು, ಈಜಿಪ್ಟಿನಲ್ಲಿದ್ದು, 1939ರಲ್ಲಿ ಬೆಂಗಳೂರಿಗೆ ಬಂದರು. ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ಲರ ಆಡಳಿತವು ಅವರಿಗೆ ಸಂಸ್ಥಾನದ ವಾಸ್ತುಶಿಲ್ಪಿಯ ಅಧಿಕಾರವನ್ನೇ ಕೊಟ್ಟಿತು. 1948ರ ವರೆಗೆ ಅವರು ಇಲ್ಲಿ ಕೆಲಸ ಮಾಡಿದರು. ವಿಜ್ಞಾನ ಮಂದಿರದ ವಿಮಾನಶಾಸ್ತ್ರ ವಿಭಾಗದ ಕಟ್ಟಡವು ಅವರ ರಚನೆ. ಭುವನೇಶ್ವರ ಪಟ್ಟಣದ ಯೋಜನೆಯೂ ಅವರದೇ. ಬಿಸಿಲು ಮಳೆಗಳ ದೇಶದಲ್ಲಿ ಮನೆ ಕಟ್ಟುವ ಬಗೆಯನ್ನು ಇಲ್ಲಿ ಕಲಿತು, ಅದನ್ನೇ ಮುಂದೆ ಲಂಡನ್ನಿನಲ್ಲಿ ಜಗತ್ತಿಗೆಲ್ಲ ಪಾಠ ಹೇಳಿದರು. ಅತಿಥಿಗೆ ಊಟವಿಟ್ಟು ಕಳಿಸುವುದು ಬೇರೆ, “ಈ ಕೆಲಸ ನಿನ್ನದು, ಮಾಡು” ಎನ್ನುವುದು ಬೇರೆ. ಎರಡನೆಯದರಿಂದ ಕೊಟ್ಟವರೂ ಪಡೆದವರೂ ಬೆಳೆದರು.

ಇಷ್ಟೆಲ್ಲ ತಿಳಿದಿದ್ದ ನಾವು ನಮ್ಮ ಮನೆಯ ಹುಡುಗಿಯ ವಿಷಯದಲ್ಲಿ ಏನು ಮಾಡಿದೆವೆಂಬುದನ್ನು ಇನ್ನು ಹೇಳಬೇಕು.

ಎರಡು ವರ್ಷಗಳ ಹಿಂದೆ ಯುಗಾದಿಯ ಹೊತ್ತಿಗೆ ಅವಳು ಊರಿಗೆ ಬಂದಳು. ಊರವರು ಶಾಲೆಯ ಅಂಗಳದಲ್ಲಿ ಸಭೆ ಕೂಡಿಸಿ ಶಾಲು ಹೊದಿಸಿ ಹಾರ ಹಾಕಿದರು. ನಾವೂ ನಾಲ್ಕು ಮಾತಾಡಿದೆವು. ಉಪಚಾರವೆಲ್ಲ ಮುಗಿದ ಮೇಲೆ, ತಾನೊಂದು ವಿಷಯ ಹೇಳುವುದಿದೆಯೆಂದು ಅವಳು ಎದ್ದು ನಿಂತಳು. ನಮ್ಮ ಸೀಮೆಯಲ್ಲಿ ಹಿಂದೊಮ್ಮೆ ಬರ ಬಂದಾಗ ತೆಂಗಿನ ಮರಗಳು ಸುಳಿ ಒಣಗಿ ಕಂಬಗಳಂತೆ ನಿಂತದ್ದನ್ನು ಎಲ್ಲರೂ ಕಂಡವರು. ಅಂದಿನಿಂದ ಕೊಳವೆ ಬಾವಿಗಳ ಆಳ ಹೆಚ್ಚುತ್ತಿದೆಯೇ ಹೊರತು ನೀರು ಹೆಚ್ಚಿಲ್ಲ. ಊರಿನ ನೀರು ನೆಲದೊಳಗೆ ಎಷ್ಟು ಅಡಿ ಕೆಳಗಿದೆಯೆಂಬುದು ಯಾರಿಗೂ ತಿಳಿಯದು. ಮೋಟರು ಎತ್ತಿಹಾಕಿರುವ ಹಳೆಯ ಬೋರುಗಳಲ್ಲಿ ಹತ್ತನ್ನು ಆರಿಸಿ, ಪ್ರತಿ ಅಮಾವಾಸ್ಯೆಗೊಮ್ಮೆ ನೀರಿನ ಮಟ್ಟ ಅಳೆದು, ಶಾಲೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯೋಣ. ಹೊಸ ಬೋರು ಕೊರೆಸುವವರು, ಹೆಚ್ಚು ನೀರಿನ ಬೆಳೆ ಇಡುವವರು ಮೊದಲು ಗೋಡೆಯನ್ನು ನೋಡಲಿ. ಇದಕ್ಕೆ ಖರ್ಚು ಏನೇನೂ ಇಲ್ಲ. ನೀರು ಮುಟ್ಟಿದೊಡನೆ ಕೂಗುವ ಒಂದು ಟೇಪನ್ನು ನಾನೇ ತಂದಿದ್ದೇನೆ. ಅಳೆಯುವುದಕ್ಕೆ ಕಾಲನಿಯ ಒಬ್ಬ ಹುಡುಗ ಒಪ್ಪಿದ್ದಾನೆ. ಇದು ಅವಳ ಮಾತಿನ ಸಾರಾಂಶ.

ಸಭೆಯಲ್ಲಿ ಮೊದಲು ಮೌನ, ಬಳಿಕ ನಗು. ಒಬ್ಬರು, “ನಮ್ಮ ತೋಟದ ನೀರಿನ ಲೆಕ್ಕ ಗೋಡೆಗೇಕೆ ಬರಬೇಕು?” ಎಂದರು. ಇನ್ನೊಬ್ಬರು, “ಊಟ ಹಾಕ್ಸೋದು ಯಾವಾಗ, ಅದ್ನ ಹೇಳವ್ವ” ಎಂದರು. ಹಿಂದಿನಿಂದ ಒಂದು ದನಿ, “ಅಳೆಯೋಕೆ ಆ ಹುಡುಗನೇ ಆಗ್ಬೇಕಾ? ಬೇರೆ ಯಾರೂ ಸಿಗ್ಲಿಲ್ವಾ?” ಎಂದಿತು. ಹುಡುಗಿ ನಮ್ಮ ಕಡೆಗೆ ನೋಡಿದಳು. ಆ ಸಭೆಯಲ್ಲಿ ಕುಳಿತವರಲ್ಲಿ ಅರ್ಧಕ್ಕೆ ಹೆಚ್ಚು ಮಂದಿ ನಮ್ಮ ಶಿಷ್ಯರು. ನಾವು ಒಂದು ಮಾತು ಆಡಿದ್ದರೆ ಸಾಕಾಗಿತ್ತು. ನಾವು ಆಡಿದ ಮಾತಾದರೂ ಏನು? “ನಿಧಾನವಾಗಿ ನೋಡೋಣ ಮಗು, ಈಗ ಎಲ್ಲರೂ ಊಟಕ್ಕೆ ಏಳಿ.” ಶಾಲು ಹೊದಿಸಿದೆವು, ಹೋಳಿಗೆ ಬಡಿಸಿದೆವು, ಮಾತನ್ನು ಕೇಳಲಿಲ್ಲ. ಆ ಹುಡುಗನು ಶಾಲೆಯ ಕಾಂಪೌಂಡಿನ ಆಚೆ ಟೇಪನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದನು.

ಬಾಬಾಸಾಹೇಬ ಅಂಬೇಡ್ಕರರ ಚರಿತ್ರೆಯನ್ನು ನಾವು ಎಷ್ಟು ಸಾರಿ ಮಕ್ಕಳಿಗೆ ಹೇಳಿಲ್ಲ! ಬರೋಡೆಯ ಮಹಾರಾಜರು ವಿದ್ಯಾರ್ಥಿವೇತನ ಕೊಟ್ಟು ಅವರನ್ನು 1913ರಲ್ಲಿ ಅಮೆರಿಕದ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಕಳಿಸಿದರು. ಓದಿ ಬಂದ ಮೇಲೆ ಸಂಸ್ಥಾನದ ಸೇವೆ ಮಾಡಬೇಕೆಂಬುದು ಒಪ್ಪಂದ. ಮಾತಿಗೆ ತಪ್ಪದೆ ಅವರು 1917ರಲ್ಲಿ ಬರೋಡೆಗೆ ಬಂದರು. ದೊಡ್ಡ ಕಚೇರಿಯಲ್ಲಿ ಹುದ್ದೆ ಸಿಕ್ಕಿತು, ಆದರೆ ಊರಿನಲ್ಲಿ ಇರುವುದಕ್ಕೆ ಒಂದು ಕೋಣೆ ಸಿಕ್ಕಲಿಲ್ಲ. ಪಾರಸಿಯವರ ವಸತಿಗೃಹವೊಂದರಲ್ಲಿ ಕೆಲವು ದಿನ ಇದ್ದರು. ದೊಣ್ಣೆ ಹಿಡಿದ ಗುಂಪೊಂದು ಬಂದು ಅಲ್ಲಿಂದಲೂ ಹೊರಡಿಸಿತು. ಕಳಿಸುವುದಕ್ಕೆ ಮಹಾರಾಜರ ಖಜಾನೆ ಸಾಕಾಗಿತ್ತು, ಬರಮಾಡಿಕೊಳ್ಳುವುದಕ್ಕೆ ಊರಿನ ಜನವೇ ಬೇಕಾಗಿತ್ತು. ಈ ಪಾಠವನ್ನು ಹೇಳುವಾಗ ನಮಗೆ ಬರೋಡೆಯವರ ಮೇಲೆ ಕೋಪ ಬರುತ್ತಿತ್ತು. ಮಾಡದಕೆರೆಯಲ್ಲಿ ಕುಳಿತು ಬರೋಡೆಯವರ ಮೇಲೆ ಕೋಪಿಸಿಕೊಳ್ಳುವುದು ಸುಲಭ.

ಹುಡುಗಿ ಬೆಂಗಳೂರಿಗೆ ಹೊರಟುಹೋದಳು. ಅದೇ ವೈಶಾಖದಲ್ಲಿ ನಮ್ಮ ತೋಟದ ಬೋರು ನಿಂತಿತು. ನೀರು ನೋಡುವವರೊಬ್ಬರನ್ನು ಕರೆಸಿದೆವು. ಅವರು ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ತಿರುಗಿ, ಕಾಯಿ ನೆಟ್ಟಗೆ ಎದ್ದು ನಿಂತ ಕಡೆ ಗುರುತು ಮಾಡಿದರು. ಲಾರಿ ಬಂದಿತು. 780 ಅಡಿಯ ತನಕ ಬರೀ ದೂಳು. ಹಠ ಬಿಡದೆ ಇನ್ನೊಂದು ಕಡೆ 900 ಅಡಿ ಕೊರೆಸಿದೆವು. ಸ್ವಲ್ಪ ಕೆಸರು ನೀರು ಬಂದು ಮೂರು ತಿಂಗಳಿಗೆ ಅದೂ ನಿಂತಿತು. ಮನೆಯವರು ಮುಪ್ಪಿಗೆಂದು ಕೂಡಿಟ್ಟಿದ್ದ ಹಣ ಆ ಎರಡು ತೂತುಗಳಲ್ಲಿ ಹೋಯಿತು. ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಮಗೆ ಹಗುರವಾಗುತ್ತಿತ್ತು. ಪಕ್ಕದ ಎರಡು ಹಳೆಯ ಬೋರುಗಳಲ್ಲಿ ನೀರು ಎಲ್ಲಿದೆಯೆಂದು ಮೊದಲು ಟೇಪು ಇಳಿಬಿಟ್ಟು ನೋಡಿದ್ದರೆ, ಆ ಬೇಸಿಗೆಯಲ್ಲಿ ಅಲ್ಲಿ ಲಾರಿ ತರಿಸಬಾರದೆಂದು ಚಿಕ್ಕ ಮಕ್ಕಳಿಗೂ ತಿಳಿಯುತ್ತಿತ್ತು.

ಈ ಸುದ್ದಿಯನ್ನು ಹುಡುಗಿಗೆ ನಾವು ತಿಳಿಸಲಿಲ್ಲ. ಅವಳ ತಂದೆಯ ಮೂಲಕ ತಿಳಿದಿರಬೇಕು. ಒಂದು ದಿನ ಅವಳಿಂದ ಎರಡೇ ಸಾಲಿನ ಕಾಗದ ಬಂದಿತು: “ದೊಡ್ಡಪ್ಪ, ಆ ಎರಡು ಬೋರಿನ ಬಾಯನ್ನೂ ಭದ್ರವಾಗಿ ಮುಚ್ಚಿಸಿ. ಮಕ್ಕಳು ಓಡಾಡುವ ಜಾಗ.” ‘ನಾನು ಹೇಳಿರಲಿಲ್ಲವೆ’ ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅದನ್ನು ನಾವು ಎಂದಿನಂತೆ ಗಟ್ಟಿಯಾಗಿ ಓದಲು ಹೋಗಿ, ಓದಲಾರದೆ ಫೋನನ್ನು ಮನೆಯವರ ಕೈಗೆ ಕೊಟ್ಟೆವು.

ಮರುದಿನ ಕಾಲನಿಯ ಆ ಹುಡುಗನನ್ನು ಕರೆಸಿದೆವು. ಅವನ ತಂದೆಯೂ ನಮ್ಮ ಶಿಷ್ಯನೇ. ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟರ ಮನೆಯ ಜಗಲಿಯನ್ನು ಆ ಮನೆಯವರಾರೂ ದಾಟಿರಲಿಲ್ಲವೆಂಬುದು, ಅವನು ಬಂದು ಜಗಲಿಯ ಕೆಳಗೆ ನಿಂತಾಗ ನಮ್ಮ ನೆನಪಿಗೆ ಬಂದಿತು. ಮನೆಯವರು ನಡುಮನೆಯಲ್ಲಿ ಮಣೆ ಹಾಕಿ, “ಒಳಗೆ ಬಾರಪ್ಪ” ಎಂದರು. ಅವನು ಬಹಳ ಹೊತ್ತು ಅನುಮಾನಿಸಿ, ಕೊನೆಗೆ ಬಂದು ಕುಳಿತನು. ನಾವೆಲ್ಲರೂ ಕುಡಿಯುವ ಲೋಟದಲ್ಲಿಯೇ ಅವನಿಗೂ ಕಾಫಿ ಕೊಟ್ಟರು. ಇದರಲ್ಲಿ ನಮ್ಮ ದೊಡ್ಡಸ್ತಿಕೆ ಏನೂ ಇಲ್ಲ. ಮೂವತ್ತು ವರ್ಷ ತಡವಾದ ಕೆಲಸಕ್ಕೆ ದೊಡ್ಡಸ್ತಿಕೆ ಸಲ್ಲದು. ಬಳಿಕ ಅವನೇ ಮುಂದಾಗಿ, ನಾವು ಹಿಂದಾಗಿ, ತೋಟಕ್ಕೆ ಹೋದೆವು. ಹೊಸ ಬೋರುಗಳ ಬಾಯಿಗೆ ಮುಚ್ಚಳ ಬಿಗಿಸಿ ಸುತ್ತಲೂ ಸಿಮೆಂಟು ಹಾಕಿಸಿದೆವು. ಹಳೆಯ ಬೋರಿಗೆ ಟೇಪು ಇಳಿಬಿಟ್ಟು ಮೊದಲನೆಯ ಅಳತೆಯನ್ನು ಅವನು ಕೂಗಿ ಹೇಳಿದನು, ನಾವು ಪುಸ್ತಕದಲ್ಲಿ ಬರೆದುಕೊಂಡೆವು.

ಈಗ ಶಾಲೆಯ ಗೋಡೆಯ ಮೇಲೆ ಕೆಲವು ತಿಂಗಳ ಅಳತೆಗಳಿವೆ. ಹತ್ತು ಬೋರುಗಳಲ್ಲ, ಮೂರೇ. ಉಳಿದವರು ಇನ್ನೂ ಒಪ್ಪಿಲ್ಲ. ಗೋಡೆಯ ಮುಂದೆ ನಿಂತು ನೋಡಿ ಹೋಗುವವರು ಮಾತ್ರ ಹೆಚ್ಚುತ್ತಿದ್ದಾರೆ. ನೀರು ಮೇಲೆ ಬಂದಿದೆಯೆಂದು ಹೇಳಿದರೆ ಸುಳ್ಳಾದೀತು. ಆದರೆ ನಮ್ಮ ನೆರೆಯವರೊಬ್ಬರು ಹೊಸ ಬೋರು ಕೊರೆಸುವ ಮೊದಲು ಆ ಹುಡುಗನನ್ನು ಕರೆದು ಕೇಳಿದರು, ಕೇಳಿದ ಮೇಲೆ ಕೊರೆಸಲಿಲ್ಲ. ಒಂದು ಮನೆಯ ಹಣ ಉಳಿಯಿತು.

ತನ್ನ ಜನಕ್ಕಾಗಿ ನಿಧಿ ಕೂಡಿಸುವವರಲ್ಲಿ ಒಂದು ದೋಷವನ್ನು ಹೇಳುವುದುಂಟು. ಯೆಹೂದ್ಯರ ಫೆಲೋಷಿಪ್ಪು ಯೆಹೂದ್ಯರಿಗೆ, ಇಂಥವರ ನಿಲಯ ಇಂಥವರಿಗೆ ಎಂದಾದರೆ ಬೇಲಿಗಳೇ ಬೆಳೆಯುವುದಿಲ್ಲವೆ ಎಂದು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ದೀಪವನ್ನು ಮೊದಲು ತನ್ನ ಮನೆಯಲ್ಲಿ ಹಚ್ಚುವುದು ತಪ್ಪಲ್ಲ. ಹಚ್ಚಿದ ಮೇಲೆ ಬಾಗಿಲು ಹಾಕಿಕೊಳ್ಳುವುದು ತಪ್ಪು. ನಮ್ಮ ಸಮೀಪದ ಸಾಣೇಹಳ್ಳಿಯನ್ನು ನೋಡಿರಿ. ಅದು ಮಠವೇ ಸರಿ. ಆದರೆ ಪಂಡಿತಾರಾಧ್ಯ ಸ್ವಾಮಿಗಳು 1997ರಲ್ಲಿ ಅಲ್ಲಿ ‘ಶಿವಸಂಚಾರ’ ಎಂಬ ನಾಟಕ ತಂಡವನ್ನು ಕಟ್ಟಿ, ತರುಣ ತರುಣಿಯರನ್ನು ಸೇರಿಸಿ ಕಲಿಸಿ, ನಾಡನ್ನೆಲ್ಲ ಸುತ್ತಿಸಿದರು. ಕಲಿಸಿದ್ದಷ್ಟೇ ಅಲ್ಲ, ಅವರು ನಿಲ್ಲುವುದಕ್ಕೆ ರಂಗವನ್ನೂ ಕಟ್ಟಿಕೊಟ್ಟರು. ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಷ್ಟಾಗುವುದಾದರೆ, ಇನ್ನೊಂದು ಹಳ್ಳಿಯಲ್ಲಿ ಒಂದು ಮಣೆ ಹಾಕುವುದು ಆಗದೆ?

ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ನಿಮ್ಮ ಮನೆಯ ಮಕ್ಕಳು ದೂರದ ಊರುಗಳಲ್ಲಿ ಓದುತ್ತಿರಬಹುದು, ದುಡಿಯುತ್ತಿರಬಹುದು. ಹಬ್ಬಕ್ಕೆ ಬಂದಾಗ ಅವರಿಗೆ ಹೋಳಿಗೆ ಬಡಿಸುತ್ತೀರಿ, ಸಂತೋಷ. ಅದರ ಜೊತೆಗೆ ಮನೆಯ ಒಂದು ಲೆಕ್ಕವನ್ನೋ, ತೋಟದ ಒಂದು ಮೂಲೆಯನ್ನೋ, ಊರ ಸಂಘದಲ್ಲಿ ಒಂದು ಸ್ಥಾನವನ್ನೋ ಅವರ ಕೈಗೆ ಬಿಟ್ಟುಕೊಡಿರಿ. ಅವರು ಹೇಳುವುದೆಲ್ಲ ಸರಿಯಿರಲಾರದು. ನಾವು ಮಾಡಿದ್ದೆಲ್ಲ ಸರಿಯಿತ್ತೆ? ದೂರ ಹೋಗಲಾರದೆ ಊರಿನಲ್ಲಿಯೇ ಉಳಿದ ಮಕ್ಕಳಲ್ಲಿಯೂ ಅಳತೆ ಬಲ್ಲವರು ಇದ್ದಾರು. ಅವರನ್ನೂ ಒಳಗೆ ಕರೆಯಿರಿ. ಮಕ್ಕಳು ತಿರುಗಿ ಬರುವುದಿಲ್ಲವೆಂದು ದೂರುವ ಮೊದಲು, ಬಂದರೆ ಕೂರುವುದಕ್ಕೆ ನಮ್ಮಲ್ಲಿ ಜಾಗವಿದೆಯೆ ಎಂದು ಒಮ್ಮೆ ನೋಡಿಕೊಳ್ಳೋಣ.

ಬರುವ ಅಮಾವಾಸ್ಯೆಗೆ ಹುಡುಗಿ ಊರಿಗೆ ಬರುವಳೆಂದು ಬರೆದಿದ್ದಾಳೆ. ಈ ಸಾರಿ ಶಾಲು ತರಿಸಿಲ್ಲ. ಶಾಲೆಯ ಅಂಗಳದ ಸಭೆಯಲ್ಲಿ ನಾವು ಎಂದಿನಿಂದಲೂ ಕೂರುತ್ತಿದ್ದ ಮುಂದಿನ ಸಾಲಿನ ಕುರ್ಚಿಗಳಲ್ಲಿ ಎರಡನ್ನು, ಒಂದು ಅವಳಿಗೆ, ಒಂದು ಅಳೆಯುವ ಹುಡುಗನಿಗೆ, ಬಿಡಿಸಿಟ್ಟಿದ್ದೇವೆ. ನಾವು ಹಿಂದಿನ ಸಾಲಿನಲ್ಲಿ ಪುಸ್ತಕ ಹಿಡಿದು ಬರೆದುಕೊಳ್ಳುತ್ತೇವೆ.